ಲ್ಯಾಪ್‌ಟಾಪ್ ಏಳುವ ಹೊತ್ತು

ನಮ್ಮೂರಿನಲ್ಲಿ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಮಲಗಿದವರನ್ನು ಚಾಪೆ ಸಮೇತ ಎತ್ತಿ ಹೊರಗೆ ತಂದಿಡುತ್ತೇವೆಯೇ ಹೊರತು ಹೆಸರು ಹಿಡಿದು ಕೂಗುವುದಿಲ್ಲ. ಯಾರಾದರೂ ಕಣ್ಣು ಬಿಡುತ್ತಿದ್ದಾರೆ ಎಂದರೆ ಅಲ್ಲಿದ್ದವರೆಲ್ಲ ತಟ್ಟನೆ ಗೋಡೆ ಕಡೆ ತಿರುಗಿ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಅವರು ಎದ್ದು, ಮುಖ ತೊಳೆದು, ‘ಹೂಂ’ ಎಂದ ಮೇಲೆಯೇ ಮಾತು. ಯಾಕೆಂದರೆ ಏಳುವ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದು ನೇರವಾಗಿ ಒಳಗಿಳಿದು ಕೂತುಬಿಡುತ್ತದೆ. ಆಮೇಲೆ ಜಪ್ಪಯ್ಯ ಅಂದರೂ ಕದಲುವುದಿಲ್ಲ.

ಇಷ್ಟು ಜೋಪಾನ ಮಾಡಿದರೂ ಏನಾದರೊಂದನ್ನು ಅಂಟಿಸಿಕೊಳ್ಳದವರು ಊರಿನಲ್ಲಿ ಕಡಿಮೆ. ನನ್ನ ಗಂಡ ರುದ್ರೇಶ ಟೆಂಪೋ ಓಡಿಸುತ್ತಾರೆ, ಆದರೆ ಬಲಕ್ಕೆ ತಿರುಗಿಸುವುದಿಲ್ಲ. ಚಿಕ್ಕಂದಿನಲ್ಲಿ ಅವರ ಸೋದರಮಾವ ಅಂಗಳದಲ್ಲಿ ಗಾಡಿ ತಿರುಗಿಸುತ್ತಾ ‘ಎಡಕ್ಕೆ, ಎಡಕ್ಕೇ ತಿರುಗು’ ಎಂದು ಕೂಗಿದ್ದು ಜಗಲಿಯ ಮೇಲೆ ಕಣ್ಣುಜ್ಜುತ್ತಿದ್ದ ಇವರಿಗೆ ತಗುಲಿತು. ಬಲಗಡೆ ಹೋಗಬೇಕಾದರೆ ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ ತಿರುಗಿ ಬೀದಿ ಸುತ್ತಿಕೊಂಡು ಬರುತ್ತಾರೆ. ತಡವಾಗುತ್ತದೆ, ಆದರೆ ಬಂದೇ ಬರುತ್ತಾರೆ. ಕಿರಾಣಿ ಅಂಗಡಿಯ ತಿಪ್ಪೇಸ್ವಾಮಿಯವರು ಯಾರದೋ ಮದುವೆಯಲ್ಲಿ ಕುರ್ಚಿಯ ಮೇಲೆ ತೂಕಡಿಸಿ ಕಣ್ಣು ಬಿಡುವುದಕ್ಕೂ ಪರವೂರಿನ ಫೋಟೋದವನು ‘ಸ್ವಲ್ಪ ನಗಿ ಸಾರ್’ ಎನ್ನುವುದಕ್ಕೂ ಸರಿಹೋಯಿತು. ಅಂದಿನಿಂದ ಅವರ ನಗು ನಿಂತಿಲ್ಲ. ಸಾವಿನ ಮನೆಗೆ ಬಾಯಿಗೆ ಟವೆಲ್ ಒತ್ತಿಕೊಂಡು ಹೋಗುತ್ತಾರೆ. ಗೊತ್ತಿಲ್ಲದವರು ಪಾಪ, ಎಷ್ಟೊಂದು ಅಳುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ನನಗೂ ಒಂದು ಅಂಟಿದೆ. ಪಕ್ಕದ ಮನೆಯ ರೇಡಿಯೋ ಒಮ್ಮೆ ಹೊತ್ತಲ್ಲದ ಹೊತ್ತಿನಲ್ಲಿ ‘ಈಗ ಸಮಾಚಾರ’ ಎಂದುಬಿಟ್ಟಿತು. ಬೆಳಗಾದರೆ ಯಾರಿಗಾದರೂ ಏನಾದರೊಂದು ಸುದ್ದಿ ಹೇಳದೆ ಇದ್ದರೆ ನನಗೆ ಗಂಟಲು ಕಟ್ಟುತ್ತದೆ. ಮನುಷ್ಯರು ಸಿಗದಿದ್ದರೆ ನಲ್ಲಿಯ ಮುಂದೆ ನಿಂತಾದರೂ ಹೇಳಿಬರುತ್ತೇನೆ. ಈ ಕಥೆಯನ್ನು ಹೇಳುತ್ತಿರುವುದೂ ಅದೇ ಚಾಳಿಯಿಂದ ಎಂದು ನೀವು ಅಂದುಕೊಂಡರೆ ನನಗೇನೂ ಬೇಜಾರಿಲ್ಲ.

ಹಾಗಾದರೆ ಅಂಟಿದ್ದನ್ನು ಅದೇ ಹೊತ್ತಿನಲ್ಲಿ ಇನ್ನೊಂದು ಮಾತು ಹೇಳಿ ಬಿಡಿಸಬಾರದೇ ಎಂದು ಕೇಳುತ್ತೀರಿ. ಕೆಂಚಪ್ಪನವರನ್ನು ನೋಡಿದ ಮೇಲೆ ಊರಿನಲ್ಲಿ ಯಾರೂ ಆ ಸಾಹಸ ಮಾಡಿಲ್ಲ. ಅವರಿಗೆ ತಾಯಿ ‘ಕೆರೆ ಕಡೆ ಹೋಗಬೇಡ’ ಎಂದು ಹೇಳಿದ್ದು ಅಂಟಿತ್ತು. ಮದುವೆಯಾದ ಮೇಲೆ ಮೀನು ಅಂದರೆ ಪ್ರಾಣ ಬಿಡುವ ಹೆಂಡತಿ ‘ಕೆರೆಗೆ ಹೋಗು’ ಎಂದು ಅದರ ಮೇಲೆಯೇ ಹೇಳಿದಳು. ಅಂದಿನಿಂದ ಕೆಂಚಪ್ಪನವರು ಮನೆಯಿಂದ ಕೆರೆ ದಾರಿಯ ಮೋರಿಯವರೆಗೆ ಹೋಗುವುದು, ವಾಪಸ್ ಬರುವುದು, ಮತ್ತೆ ಹೋಗುವುದು. ಪುರಸಭೆಯವರು ಕನಿಕರಪಟ್ಟು ನಡುದಾರಿಯಲ್ಲಿ ಒಂದು ಕಲ್ಲುಬೆಂಚು ಹಾಕಿಸಿದ್ದಾರೆ. ಅವರಿಗೆ ಅದರ ಮೇಲೆ ಕೂರಲು ಪುರಸೊತ್ತಿಲ್ಲ.

ಊರಿಗೆ ಕಂಪ್ಯೂಟರ್ ಬಂದಾಗ ಹಿರಿಯರು ನೋಡಿದರು. ಗುಂಡಿ ಒತ್ತಿದರೆ ಅದು ಮೊದಲು ಕಪ್ಪಗೆ ಕಣ್ಣು ಬಿಡುತ್ತದೆ, ಮಿಣಕ್ ಮಿಣಕ್ ಅನ್ನುತ್ತದೆ, ತನ್ನಷ್ಟಕ್ಕೆ ಏನೋ ಗೊಣಗುತ್ತದೆ, ಆಮೇಲೆ ಸರಿಯಾಗುತ್ತದೆ. ಇದು ನಿದ್ದೆಯಿಂದ ಏಳುವುದಲ್ಲದೆ ಮತ್ತೇನು? ಸರಿ, ಅದಕ್ಕೂ ಅದೇ ನಿಯಮ ಎಂದಾಯಿತು. ಬ್ಯಾಂಕಿನಲ್ಲಿ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಮ್ಯಾನೇಜರಿಂದ ಹಿಡಿದು ಸಾಲಿನಲ್ಲಿ ನಿಂತ ಗಿರಾಕಿಗಳ ತನಕ ಎಲ್ಲರೂ ಗೋಡೆ ಕಡೆ ತಿರುಗುತ್ತೇವೆ. ಹೊಸದಾಗಿ ವರ್ಗವಾಗಿ ಬಂದವರು ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಅವರೂ ತಿರುಗುತ್ತಾರೆ.

ಈಗ ನನ್ನ ಅತ್ತೆಯ ವಿಷಯಕ್ಕೆ ಬರುತ್ತೇನೆ. ಅತ್ತೆ ದಾಕ್ಷಾಯಿಣಮ್ಮನವರು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ ಇಟ್ಟವರು. ಬ್ಲೌಸಿನ ಬೆನ್ನಿಗೆ, ತೋಳಿಗೆ, ಸೀರೆಯ ಸೆರಗಿಗೆ ಬೇಕಾದ ಚಿತ್ರವೆಲ್ಲ ಅವರದೇ. ನಾನು ಬಟ್ಟೆ ಕತ್ತರಿಸಿ ಹೊಲಿಯುವವಳು. ಅತ್ತೆ ಬಿಡಿಸಿದ ಬಳ್ಳಿ ತೋಳಿನ ಅಂಚಿನಲ್ಲಿ ಹೊರಟು ಎಲ್ಲಿ ತಿರುಗಬೇಕೋ ಅಲ್ಲೇ ತಿರುಗುತ್ತಿತ್ತು. ಅವರ ಗಿಳಿಗಳಂತೂ ಒಂದರ ಹಾಗೆ ಇನ್ನೊಂದಿಲ್ಲ. ಒಂದು ಜಗಳಗಂಟಿ, ಒಂದು ಸೋಮಾರಿ, ಇನ್ನೊಂದು ಯಾರನ್ನೋ ಅಣಕಿಸುವಂಥದ್ದು.

ಇಂಥ ಅತ್ತೆಗೆ ಪೆನ್ಸಿಲ್ ಮುಟ್ಟಲಾಗುವುದಿಲ್ಲ. ಹುಡುಗಿಯಾಗಿದ್ದಾಗ ಮನೆಯ ಗೋಡೆ ತುಂಬ ಇದ್ದಿಲಿನಲ್ಲಿ ಗಿಳಿ ಬರೆಯುತ್ತಿದ್ದರಂತೆ. ಯಾರೋ ನೆಂಟರು ಬರುವವರಿದ್ದರು, ಆಗತಾನೇ ಸುಣ್ಣ ಬಳಿಸಿದ ಗೋಡೆ. ಬೆಳಿಗ್ಗೆ ಎದ್ದ ಅವರಪ್ಪ ಗೋಡೆ ನೋಡಿ ಉರಿದುಹೋಗಿ, ‘ಇನ್ಮೇಲೆ ಗೀಚೋ ಸಾಮಾನು ಒಂದನ್ನೂ ಮುಟ್ಟಕೂಡದು’ ಎಂದರು. ಹೇಳಿ ತಿರುಗಿ ನೋಡಿದರೆ ಮಗಳು ಚಾಪೆಯ ಮೇಲೆ ಆಗಷ್ಟೇ ಕಣ್ಣು ಬಿಡುತ್ತಿದ್ದಾಳೆ. ಪಾಪ, ಆ ಮನುಷ್ಯ ಬದುಕಿರುವ ತನಕ ಅದನ್ನೇ ನೆನೆಸಿಕೊಂಡು ಕೊರಗಿದರು. ಆದರೆ ಅತ್ತೆಯ ಕೈ ಮತ್ತೆ ಪೆನ್ಸಿಲ್ಲಿಗೆ ಹೋಗಲಿಲ್ಲ. ಸೀಮೆಸುಣ್ಣಕ್ಕೂ ಇಲ್ಲ, ರಂಗೋಲಿ ಪುಡಿಗೂ ಇಲ್ಲ. ಕಥೆ ಪುಸ್ತಕ ಗಳಗಳ ಓದುವ ಹೆಂಗಸು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ.

ಆಮೇಲೆ ಎಷ್ಟೋ ಕಾಲಕ್ಕೆ ಎಂಬ್ರಾಯ್ಡರಿ ಮೆಷಿನ್ನಿನ ಜೊತೆಗೆ ಒಂದು ಕಂಪ್ಯೂಟರ್ ಮನೆಗೆ ಬಂತು. ಅದರ ಪ್ರೋಗ್ರಾಮಿನಲ್ಲಿ ಚಿತ್ರ ಬರೆಯಬೇಕಾದರೆ ಮೂಲೆಯಲ್ಲಿರುವ ಸೂಜಿಯ ಗುರುತನ್ನು ಒತ್ತಬೇಕು. ಅತ್ತೆ ಸುಮ್ಮನೆ ಒತ್ತಿದರು. ಮೌಸ್ ಹಿಡಿದ ಕೈ ಸರಿಯಿತು, ಪರದೆಯ ಮೇಲೆ ಗೆರೆ ಬಂತು. ಅವರಪ್ಪ ಗೀಚುವ ಸಾಮಾನು ಎಂದಾಗ ಮೌಸ್ ಯಾರ ತಲೆಯಲ್ಲಿತ್ತು? ಅಂದು ಅತ್ತೆ ಊಟಕ್ಕೂ ಏಳಲಿಲ್ಲವಂತೆ. ಮಾವನವರು ಬದುಕಿರುವವರೆಗೂ ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಆ ಕಂಪ್ಯೂಟರಿಗೆ ಹೋದ ವರ್ಷ ಸಿಡಿಲು ಹೊಡೆಯಿತು. ಮನೆಗೆ ಹೊಡೆದ ಸಿಡಿಲಲ್ಲ, ಲೈನಿನಲ್ಲಿ ಬಂದದ್ದು. ಒಂದು ಸಲ ಟಪ್ ಅಂದಿತು, ಸುಟ್ಟ ವಾಸನೆ ಬಂತು, ಮುಗಿಯಿತು. ಪುಣ್ಯಕ್ಕೆ ಒಳಗಿನ ಡಿಸ್ಕ್ ಉಳಿದಿತ್ತು. ಪಕ್ಕದ ಪೇಟೆಯಲ್ಲಿ ಹಳೆಯ ಕಂಪ್ಯೂಟರ್ ಮಾರುವ ಸಾಧಿಕ್ ಭಾಯಿ ಅದರಲ್ಲಿದ್ದದ್ದನ್ನೆಲ್ಲ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ತುಂಬಿಕೊಟ್ಟರು. ನನ್ನ ಗಂಡ ಹೋಗಿ ತಂದರು. ದಾರಿಯಲ್ಲಿ ಬಲಗಡೆಯ ತಿರುವುಗಳೇ ಜಾಸ್ತಿ, ಸಂಜೆ ಬರಬೇಕಾದವರು ಮಾರನೆಯ ಬೆಳಿಗ್ಗೆ ಬಂದರು.

ಲ್ಯಾಪ್‌ಟಾಪ್ ಹಳೆಯದಾದರೂ ಅದರ ಪಾಲಿಗೆ ಅತ್ತೆಯ ಪ್ರೋಗ್ರಾಂ ಮುತ್ತಜ್ಜನ ಕಾಲದ್ದು. ತೆರೆಯುವುದೇ ಇಲ್ಲ ಎಂದಿತು. ನಾನು ಬೇರೆ ಯಾವುದೋ ಹೊಸ ಪ್ರೋಗ್ರಾಂ ಹಾಕಿಕೊಟ್ಟೆ. ಅತ್ತೆ ಕನ್ನಡಕ ಏರಿಸಿಕೊಂಡು ಕೂತರು. ಅದರಲ್ಲಿ ಚಿತ್ರ ಬರೆಯಬೇಕಾದರೆ ಮೊದಲು ಪೆನ್ಸಿಲ್ ಗುರುತನ್ನು ಒತ್ತಬೇಕು. ಬಾಣದ ಗುರುತು ಪೆನ್ಸಿಲ್ಲಿನ ಹತ್ತಿರದವರೆಗೆ ಹೋಯಿತು. ಅತ್ತೆಯ ಬೆರಳು ಮೌಸಿನ ಮೇಲೆ ಹಾಗೇ ನಿಂತಿತು. ಒತ್ತಲಾಗಲಿಲ್ಲ.

“ಬಿಡು ಮಂದಾ,” ಅಂದರು. “ಸಾಕು. ಎಷ್ಟು ದಿನಾಂತ ಬರೀಲಿ?”

ಅಂದಿನಿಂದ ಅವರು ಹಿಂದಿನ ಕೋಣೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂರತೊಡಗಿದರು. ನಮ್ಮ ಮನೆಯಲ್ಲಿ ಅಷ್ಟೊಂದು ಅವರೆಕಾಳು ತಿನ್ನುವವರೇ ಇಲ್ಲ. ನನ್ನ ಗಂಡ ಅವರೆಕಾಳಿನ ಸಾರು ಕಂಡರೆ ಮುಖ ಸೊಟ್ಟಗೆ ಮಾಡತೊಡಗಿದರು, ಆದರೂ ಬಾಯಿ ಬಿಡಲಿಲ್ಲ. ಅತ್ತೆ ಬೈಯುವುದನ್ನೂ ನಿಲ್ಲಿಸಿದರು. ನನಗೆ ಹೆದರಿಕೆಯಾದದ್ದು ಆಗ. ನಾನು ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ನನ್ನ ಹೊಲಿಗೆಗೆ ಹೆಸರಿಡದೆ ಇದ್ದವರಲ್ಲ ಅವರು.

ಸಾಧಿಕ್ ಭಾಯಿಗೆ ಫೋನ್ ಮಾಡಿದೆ.

“ಅಷ್ಟೇ ತಾನೆ ಮೇಡಂ? ಈ ಲ್ಯಾಪ್‌ಟಾಪ್ ಹೊಟ್ಟೆ ಒಳಗೆ ನಿಮ್ಮ ಹಳೇ ಕಂಪ್ಯೂಟರ್ ಕೂರಿಸಿಬಿಡಣ,” ಅಂದರು ಅವರು. “ಅದಕ್ಕೇ ಒಂದು ಪ್ರೋಗ್ರಾಂ ಇದೆ. ಹಳೇದು ತಾನಿನ್ನೂ ಹಳೇ ಡಬ್ಬಾದಲ್ಲೇ ಇದೀನಿ ಅಂದ್ಕೊಂಡು ಓಡ್ತಾ ಇರುತ್ತೆ. ಅದಕ್ಕೇನು ಗೊತ್ತಾಗುತ್ತೆ?”

ಅವರು ಹೇಳಿದಂತೆ ಎಲ್ಲ ಮಾಡಿದೆ. ಕೊನೆಗೆ ಓಡಿಸಲು ಹೋದರೆ ಅದು ಒಂದು ಚೌಕದಲ್ಲಿ ತಕರಾರು ಬರೆದು ತೋರಿಸಿತು. ಓದಿ ಹೇಳಿದೆ.

“ವರ್ಚುವಲೈಸೇಶನ್ ಅಂತ, ಒಂದರೊಳಗೆ ಇನ್ನೊಂದು ಕಂಪ್ಯೂಟರ್ ಓಡ್ಸೋ ಶಕ್ತಿ, ಅದು ಆಫ್ ಆಗಿದೆ ಮೇಡಂ. ಹಳೇ ಮಾಡೆಲ್‌ಗಳಲ್ಲಿ ಆಫ್ ಮಾಡೇ ಕಳಿಸ್ತಾರೆ. ಆನ್ ಮಾಡ್ಬೇಕು. ಲ್ಯಾಪ್‌ಟಾಪ್ ಆಫ್ ಮಾಡಿ, ಮತ್ತೆ ಆನ್ ಮಾಡಿದ ಕೂಡ್ಲೇ, ಅದು ಇನ್ನೂ ಏಳ್ತಾ ಇರುತ್ತಲ್ಲ, ಆವಾಗ್ಲೇ ಎಫ್ ಟೂ ಒತ್ತಾ ಇರಿ. ಟಪಟಪ ಟಪಟಪ ಅಂತ.”

“ಏಳೋ ಹೊತ್ತಿಗಾ?”

“ಹೂಂ ಮತ್ತೆ. ಎದ್ದ ಮೇಲೆ ಅದು ನಿಮ್ಮ ಮಾತು ಕೇಳಲ್ಲ.”

“ಅದು ನಂಗೂ ಗೊತ್ತು ಭಾಯಿ,” ಅಂದೆ.

ಹಿಂದೆ ತಿರುಗಿದರೆ ಬಾಗಿಲಲ್ಲಿ ಅತ್ತೆ. ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡೇ ಎದ್ದು ಬಂದಿದ್ದರು. ಫೋನಿನ ಸ್ಪೀಕರ್ ಹಾಕಿ ಮಾತಾಡುವುದು ನನ್ನ ಕೆಟ್ಟ ಅಭ್ಯಾಸ.

“ಬೇಡ,” ಅಂದರು.

“ಅತ್ತೆ, ಅದು ಮೆಷಿನ್ನು.”

“ಮೆಷಿನ್ನಾದರೇನೇ? ಏಳ್ತಾ ಇರೋದ್ರ ಮೇಲೆ ಕೈ ಹಾಕೋದು ಅಂದ್ರೇನು? ನನಗಾಗಿದ್ದು ಸಾಲದಾ? ಅದೇನು ಪಾಪ ಮಾಡಿದೆ?”

ನಾನು ಫೋನ್ ಇಟ್ಟೆ. ಆದರೆ ಅವತ್ತು ಮಧ್ಯಾಹ್ನ ಅವರೆಕಾಳಿನ ಪಲ್ಯ, ಅವರೆಕಾಳಿನ ಸಾರು, ಅವರೆಕಾಳಿನ ಉಪ್ಪಿಟ್ಟು ಮೂರನ್ನೂ ನೋಡಿ ನನಗೆ ತಡೆಯಲಾಗಲಿಲ್ಲ. ಅತ್ತೆ ಮಲಗಿದ ಮೇಲೆ ಲ್ಯಾಪ್‌ಟಾಪ್ ಮುಂದೆ ನಿಂತು ಗುಂಡಿ ಒತ್ತಿದೆ. ಒತ್ತಿದ ಮರುಕ್ಷಣ ನಾನು ಗೋಡೆ ಕಡೆ ತಿರುಗಿದ್ದೆ. ಅದು ನನ್ನ ಇಷ್ಟದಿಂದ ಆದದ್ದಲ್ಲ. ಹುಟ್ಟಿದಾಗಿನಿಂದ ಬಂದ ರೂಢಿ, ಕಾಲು ತಾನಾಗಿ ತಿರುಗುತ್ತದೆ. ಮತ್ತೆ ಇತ್ತ ತಿರುಗುವುದರೊಳಗೆ ಅದು ಎದ್ದು ಮುಖ ತೊಳೆದುಕೊಂಡು ಕೂತಿತ್ತು. ಇನ್ನೊಂದು ಸಲ ಮಾಡಿದೆ. ಮತ್ತೊಂದು ಸಲ. ಗೋಡೆಯ ಮೇಲಿನ ಪ್ರತಿಯೊಂದು ಬಿರುಕೂ ನನಗೆ ಬಾಯಿಪಾಠವಾಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಗಂಡ, “ನಾನು ಹಿಡ್ಕೊಳ್ಳಲಾ?” ಅಂದರು.

ಭುಜ ಹಿಡಿದುಕೊಂಡರು. ಲ್ಯಾಪ್‌ಟಾಪ್ ಏಳುತ್ತಿದ್ದಂತೆ ಅವರೂ ಗೋಡೆ ಕಡೆ ತಿರುಗಿದರು, ನನ್ನನ್ನೂ ತಿರುಗಿಸಿಕೊಂಡರು. ಇಬ್ಬರೂ ಗೋಡೆ ನೋಡುತ್ತಾ ನಿಂತೆವು. ನನಗೆ ಅಳು ಬರುವುದರಲ್ಲಿತ್ತು, ಅವರಿಗೆ ನಗು ಬಂತು.

“ಒಂದು ಕೆಲಸ ಮಾಡಣ,” ಅಂದರು. “ನಮಗೆ ಬೇಕಾದ ಕಡೆ ತಿರುಗೋಕಾಗಲ್ಲ ಅಂದ್ರೆ, ತಿರುಗಿದ ಕಡೆ ಬೇಕಾದ್ದು ಇಟ್ಕೊಬೇಕು. ನಾನು ಟೆಂಪೋ ಓಡಿಸ್ತಿರೋದೇ ಹಂಗೆ.”

ಹೋಗಿ ಮೇಜನ್ನು ಎಳೆದು ಗೋಡೆಗೆ ತಾಗಿಸಿದರು. ಲ್ಯಾಪ್‌ಟಾಪನ್ನು ಅದರ ಮೇಲೆ ಇಟ್ಟರು. ನನ್ನನ್ನು ಅದಕ್ಕೆ ಬೆನ್ನು ಮಾಡಿ ನಿಲ್ಲಿಸಿದರು. ಅವರು ಗುಂಡಿ ಒತ್ತುವುದು, ನಾನು ರೂಢಿಯಂತೆ ಗೋಡೆ ಕಡೆ ತಿರುಗುವುದು, ತಿರುಗಿದರೆ ಲ್ಯಾಪ್‌ಟಾಪೇ ಎದುರಿಗೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನುಷ್ಯನ ಬುದ್ಧಿಗೆ ಮೊದಲ ಸಲ ಸಲಾಂ ಹೊಡೆದೆ.

“ಏನ್ ಮಾಡ್ತಿದೀರಿ ಇಬ್ಬರೂ?”

ಅತ್ತೆ ಎದ್ದುಬಂದಿದ್ದರು. ಮುಖ ತೊಳೆದ ನೀರು ಇನ್ನೂ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಆದರೆ ಅಷ್ಟರಲ್ಲಿ ನನ್ನ ಗಂಡ ಗುಂಡಿ ಒತ್ತಿಯಾಗಿತ್ತು, ನಾನು ತಿರುಗಿಯಾಗಿತ್ತು, ಬೆರಳು ಎಫ್ ಟೂ ಮೇಲೆ ಟಪಟಪ ಕುಣಿಯುತ್ತಿತ್ತು. ಪರದೆ ನೀಲಿಯಾಯಿತು. ಬರೀ ಅಕ್ಷರ, ಚಿತ್ರ ಗಿತ್ರ ಏನೂ ಇಲ್ಲ. ಮೌಸ್ ನಡೆಯಲಿಲ್ಲ. ಲ್ಯಾಪ್‌ಟಾಪ್ ಅರ್ಧ ಎಚ್ಚರದಲ್ಲಿ ನಿಂತು ಹೇಳಿ, ಏನು ಮಾಡಲಿ ಎಂದು ಕೇಳುವಂತಿತ್ತು. ನಿಜ ಹೇಳುತ್ತೇನೆ, ನನಗೆ ಅದರ ಮೇಲೆ ಅಯ್ಯೋ ಅನ್ನಿಸಿತು.

ಅತ್ತೆ ಬೈಯಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು, “ಏನಂತೆ ಅದು?”

ಬಾಣದ ಕೀಲಿ ಒತ್ತುತ್ತಾ ಒಂದೊಂದೇ ಸಾಲು ಇಳಿದೆ. ಕೊನೆಗೆ ಸಿಕ್ಕಿತು. ವರ್ಚುವಲೈಸೇಶನ್ ಟೆಕ್ನಾಲಜಿ, ಪಕ್ಕದಲ್ಲಿ ಡಿಸೇಬಲ್ಡ್.

“ಇಲ್ಲಿದೆ ಅತ್ತೆ. ಬೇಡ ಅಂತ ಬರೆದಿದೆ.”

“ಯಾರು ಹೇಳಿದ್ದು ಬೇಡಾಂತ?”

“ಮಾಡಿದೋರೇ. ಕಳಿಸೋವಾಗ್ಲೇ ಹೇಳಿ ಕಳಿಸಿದಾರೆ.”

“ಯಾಕೆ?”

“ಯಾರಿಗೂ ಬೇಕಾಗಲ್ಲ ಅಂದ್ಕೊಂಡಿರ್ತಾರೆ.”

ಅತ್ತೆ ಪರದೆಯ ಹತ್ತಿರಕ್ಕೆ ಬಾಗಿದರು. “ಅದಕ್ಕೆ ಬರುತ್ತಾ ಆ ಕೆಲಸ?”

“ಬರುತ್ತೆ ಅತ್ತೆ. ಹುಟ್ಟಿದಾಗಿಂದ ಬರುತ್ತೆ. ಬೇಡ ಅಂದಿದಾರೆ ಅಷ್ಟೆ.”

ನಾನು ಇದನ್ನು ಲ್ಯಾಪ್‌ಟಾಪಿನ ಬಗ್ಗೆಯೇ ಹೇಳಿದ್ದು. ಹೇಳಿದ ಮೇಲೆ ಅತ್ತೆಯ ಮುಖ ನೋಡಿದೆ, ನಾಲಿಗೆ ಕಚ್ಚಿಕೊಂಡೆ. ಅವರ ಕಣ್ಣು ತುಂಬಿತ್ತು. ನನ್ನ ಗಂಡ ಮೇಜಿನ ಕಾಲನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

“ಬದಲಾಯಿಸು,” ಅಂದರು ಅತ್ತೆ. ಆಮೇಲೆ ಥಟ್ಟನೆ ನನ್ನ ಕೈ ಹಿಡಿದರು. “ತಡಿ. ಬೇಡ ಅನ್ನೋದ್ರ ಮೇಲೆ ಮಾಡು ಅಂದ್ರೆ ಕೆಂಚಪ್ಪನ ಥರ ಆಗಲ್ವಾ?”

“ಇದು ಮಾಡು ಅನ್ನೋದಲ್ಲ ಅತ್ತೆ. ಎನೇಬಲ್ಡ್ ಅಂದ್ರೆ, ಬೇಕಾದ್ರೆ ಮಾಡ್ಕೋಬಹುದು, ಯಾರೂ ಅಡ್ಡ ಬರಲ್ಲ ಅಂತ. ನಾವು ಕೇಳದೇ ಇದ್ರೆ ಅದು ತನ್ನ ಪಾಡಿಗೆ ತಾನು ಸುಮ್ನಿರುತ್ತೆ.”

ಅವರು ಕೈ ಬಿಟ್ಟರು. ನಾನು ಬದಲಾಯಿಸಿ ಎಫ್ ಟೆನ್ ಒತ್ತಿ ಉಳಿಸಿದೆ. ಲ್ಯಾಪ್‌ಟಾಪ್ ಒಮ್ಮೆ ಕಣ್ಣು ಮುಚ್ಚಿ ಮತ್ತೆ ಬಿಟ್ಟಿತು. ಹಳೆಯ ಕಂಪ್ಯೂಟರನ್ನು ಓಡಿಸು ಎಂದೆ. ಒಂದು ಸಣ್ಣ ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಆಮೇಲೆ ಅದೇ ಹಳೆಯ ತಕರಾರು. ಮತ್ತೆ ಓಡಿಸಿದೆ, ಮತ್ತೆ ಚಕ್ರ, ಮತ್ತೆ ತಕರಾರು.

“ಕೆಂಚಪ್ಪ!” ಎಂದು ಎದೆ ಹಿಡಿದುಕೊಂಡರು ಅತ್ತೆ. “ನಾ ಹೇಳಲಿಲ್ವಾ? ಅಯ್ಯೋ, ಒಂದು ಜೀವ ಹಾಳು ಮಾಡಿದ್ರಲ್ಲೇ!”

ಸಾಧಿಕ್ ಭಾಯಿಗೆ ಫೋನ್ ಹಚ್ಚಿದೆ. ಅವರು ಏನೋ ಅಗಿಯುತ್ತಿದ್ದರು. “ರೀಸ್ಟಾರ್ಟ್ ಮಾಡಿದ್ರಾ? ಅದು ಸಾಲಲ್ಲ ಮೇಡಂ ಹಳೇ ಮಾಡೆಲ್‌ಗೆ. ಪೂರ್ತಿ ಆಫ್ ಮಾಡಿ, ವೈರ್ ಕಿತ್ತಾಕಿ, ಬ್ಯಾಟ್ರಿನೂ ತೆಗೀರಿ. ಆರಾಮಾಗಿ ಒಂದು ಟೀ ಕುಡ್ಕೊಂಡು ಬಂದು ಆನ್ ಮಾಡಿ.”

“ಅಂದ್ರೆ ಇನ್ನೊಂದು ನಿದ್ದೆ ಮಾಡ್ಬೇಕು,” ಅಂದರು ಅತ್ತೆ ನನಗೆ. ಅವರೇ ಹೋಗಿ ಟೀ ಮಾಡಿ ತಂದರು. ಮೂವರೂ ನೆಲದ ಮೇಲೆ ಕೂತು ಪಿಸುದನಿಯಲ್ಲಿ ಮಾತಾಡುತ್ತಾ ಟೀ ಕುಡಿದೆವು. ಅತ್ತೆ ತಮ್ಮ ಸೆರಗಿನಿಂದ ಲ್ಯಾಪ್‌ಟಾಪಿನ ಮೇಲೆ ಕೂತ ನೊಣ ಓಡಿಸಿದರು.

ಈ ಸಲ ಆನ್ ಮಾಡಿ ಎಲ್ಲರೂ ಮರ್ಯಾದೆಯಾಗಿ ಹಿತ್ತಲ ಬಾಗಿಲ ಕಡೆಯ ಗೋಡೆಗೆ ತಿರುಗಿ ನಿಂತೆವು. ಅದು ಪೂರ್ತಿ ಎದ್ದ ಮೇಲೆ ಹೋಗಿ ಹಳೆಯದನ್ನು ಓಡಿಸಿದೆ. ಚಕ್ರ ಒಂದೆರಡು ಸುತ್ತು ಸುತ್ತಿ ನಿಂತಿತು. ಪರದೆಯ ನಡುವೆ ಇನ್ನೊಂದು ಪರದೆ ತೆರೆಯಿತು, ಅದರೊಳಗೆ ನಮ್ಮ ಸುಟ್ಟುಹೋದ ಕಂಪ್ಯೂಟರಿನ ಅದೇ ಬಣ್ಣ, ಅದೇ ‘ಟಿಂಗ್’ ಎನ್ನುವ ರಾಗ. ಮೂಲೆಯಲ್ಲಿ ಸೂಜಿ.

ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿ ಕೂತರು. ಮೌಸ್ ಹಿಡಿದು ಸೂಜಿ ಒತ್ತಿದರು, ಗೆರೆ ಹೊರಟಿತು. ಕೊಕ್ಕು ಬಂತು, ಕತ್ತು ಬಂತು, ಬಾಲ ಬಂತು. ಅಂಗಾತ ಬಿದ್ದುಕೊಂಡು ಕಾಲು ಮೇಲೆತ್ತಿದ ಗಿಳಿ. ಅದು ನಮ್ಮ ಟೀ ಮುಗಿಯುವ ತನಕ ನಿದ್ದೆ ಹೊಡೆದು ಎದ್ದ ಲ್ಯಾಪ್‌ಟಾಪೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಅಳುತ್ತಿದ್ದೆ, ನಗುತ್ತಿದ್ದೆ, ಮೂಗು ಒರೆಸಿಕೊಳ್ಳುತ್ತಿದ್ದೆ. ಅತ್ತೆ ತಿರುಗದೆಯೇ ಅಂದರು, “ನಿನ್ನೆ ಹೊಲಿದ ಆ ನೀಲಿ ಬ್ಲೌಸಿನ ಕಂಕುಳ ಬಿಚ್ಚಿ ಮತ್ತೆ ಹೊಲಿ. ಸೊಟ್ಟಗಿದೆ.” ಅಷ್ಟು ಸಂತೋಷ ಕೊಟ್ಟ ಬೈಗುಳ ನನ್ನ ಜನ್ಮದಲ್ಲೇ ಕೇಳಿಲ್ಲ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಕೆಲವು ದಿನ ಬಿಟ್ಟು, ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ನಾಳೆ ಬೆಳಿಗ್ಗೆ ನನ್ನ ಹತ್ರ ಬಾ,” ಅಂದರು. “ನಾನು ಏಳೋಕೆ ಮುಂಚೆ.”

“ಅತ್ತೆ, ಕೆಂಚಪ್ಪ—”

“ಕೆಂಚಪ್ಪನಿಗೆ ಹೋಗು ಅಂದ್ರು, ಅದಕ್ಕೇ ಹೋಗ್ತಾ ಇದಾನೆ. ನೀನು ನನಗೆ ಹಿಡಿ ಅನ್ನಬೇಡ. ಹಿಡಿ ಅಂದ್ರೆ ಸಾಯೋ ತನಕ ಪೆನ್ಸಿಲ್ ಹಿಡ್ಕೊಂಡೇ ಕೂತಿರ್ತೀನಿ, ಊಟ ಮಾಡ್ಸೋಳು ನೀನೇ. ಆ ಲ್ಯಾಪ್‌ಟಾಪಿಗೇನು ಹೇಳಿದ್ಯೋ ನನಗೂ ಅದನ್ನೇ ಹೇಳು.”

“ಇಂಗ್ಲಿಷಲ್ಲಾ?”

“ಕನ್ನಡದಲ್ಲಿ ಹೇಳೇ ಮಾರಾಯ್ತಿ!”

ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ? ಇರುವ ಮೌಸೂ ಹಿಡಿಯಲಾಗದಂತೆ ಆದರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಬೆಳಗಿನ ಆ ಹೊತ್ತಿಗೇ ನನ್ನ ಸಮಾಚಾರ ಬಾಯಿಗೆ ಬರುವುದು. ಅತ್ತೆ ಕಣ್ಣು ಬಿಡುವಾಗ ನಾನು ಬಾಯಿ ತಪ್ಪಿ ‘ಮಾರ್ಕೆಟ್ಟಿನ ಹತ್ತಿರ ಪೈಪ್ ಒಡೆದಿದೆ’ ಎಂದುಬಿಟ್ಟರೆ ಆ ಹೆಂಗಸು ಉಳಿದ ಆಯುಷ್ಯವೆಲ್ಲ ಒಡೆದ ಪೈಪನ್ನೇ ಹೊತ್ತುಕೊಂಡು ತಿರುಗಬೇಕು. ಹಾಗಾಗಿ ಬೆಳಕು ಹರಿಯುವ ಮುಂಚೆ ಹಿತ್ತಲಿಗೆ ಹೋಗಿ ನಲ್ಲಿಯ ಮುಂದೆ ನಿಂತು ಇದ್ದ ಬದ್ದ ಸುದ್ದಿಯೆಲ್ಲ ಹೇಳಿ ಖಾಲಿಯಾದೆ. ತಿಪ್ಪೇಸ್ವಾಮಿಯವರ ಮಗಳ ನಿಶ್ಚಿತಾರ್ಥವನ್ನು ಎರಡು ಸಲ ಹೇಳಿದೆ.

ಅತ್ತೆಯ ಮಂಚದ ಪಕ್ಕ ಕೂತೆ. ಗೋಡೆ ಕಡೆಗೆ ತಿರುಗುವ ರೂಢಿ ನೆನಪಿಟ್ಟುಕೊಂಡು, ಗೋಡೆಗೂ ನನಗೂ ನಡುವೆ ಅವರೇ ಇರುವಂತೆ ಮಂಚವನ್ನು ಹಿಂದಿನ ದಿನವೇ ಸರಿಸಿದ್ದೆವು. ನಿದ್ದೆಯಲ್ಲಿ ಅವರ ಮುಖ ಗದರಿಸುವವರ ಮುಖದಂತಿರಲಿಲ್ಲ. ರೆಪ್ಪೆ ಅಲುಗಿತು. ಹುಬ್ಬು ಕೂಡಿತು. ಕಣ್ಣು ಅರ್ಧ ತೆರೆಯಿತು, ಆ ನೋಟದಲ್ಲಿ ಇನ್ನೂ ಯಾರೂ ಬಂದು ಕೂತಿರಲಿಲ್ಲ.

“ಇಷ್ಟ ಬಂದ್ರೆ ಬರೀಬಹುದು ಅತ್ತೆ,” ಅಂದೆ. “ಯಾರೂ ಏನೂ ಅನ್ನಲ್ಲ.”

ಹೇಳಿ ಎದ್ದು ಓಡಿಬಿಟ್ಟೆ.

ಅತ್ತೆ ಎದ್ದರು. ಮುಖ ತೊಳೆದರು. ಹೂಂ ಅಂದರು. ಕಾಫಿ ಕುಡಿದು, ಸಕ್ಕರೆ ಹೆಚ್ಚಾಯಿತು ಅಂದರು. ನಾನು ಬೇಕೆಂದೇ ಬಟ್ಟೆಗೆ ಗುರುತು ಹಾಕುವ ನನ್ನ ಪೆನ್ಸಿಲನ್ನು ಮೇಜಿನ ಮೇಲೆ ಅವರ ಕೈಗೆ ಸಿಗುವಂತೆ ಇಟ್ಟಿದ್ದೆ. ಅತ್ತ ನೋಡಲೂ ಇಲ್ಲ. ಲ್ಯಾಪ್‌ಟಾಪ್ ಆನ್ ಮಾಡಿ ಗೋಡೆಗೆ ತಿರುಗಿ ನಿಂತರು, ಆಮೇಲೆ ಕೂತು ಮೌಸ್ ಹಿಡಿದರು. ಮಧ್ಯಾಹ್ನದವರೆಗೆ ಬಳ್ಳಿ ಬಿಡಿಸಿದರು. ಪೆನ್ಸಿಲ್ ಇದ್ದಲ್ಲೇ ಇತ್ತು. ನನ್ನ ಗಂಡ ಬಾಗಿಲಿನಿಂದ ಹುಬ್ಬು ಹಾರಿಸಿ ಏನಾಯಿತು ಎಂದು ಕೇಳಿದರು, ನಾನು ಇಲ್ಲ ಎಂದು ತಲೆ ಆಡಿಸಿದೆ. ಕೊನೆಗೆ ಬಾಯಿ ಬಿಟ್ಟು ಕೇಳಿಯೇಬಿಟ್ಟೆ.

“ಅತ್ತೆ, ಪೆನ್ಸಿಲ್ಲು?”

“ಇಷ್ಟ ಬಂದ್ರೆ ಅಂದ್ಯಲ್ಲ. ಈಗ ಇಷ್ಟ ಇಲ್ಲ,” ಅಂದರು.

ಅದು ನಿಜವೋ, ನನಗೆ ಬೇಜಾರಾಗಬಾರದೆಂದು ಹೇಳಿದ್ದೋ ತಿಳಿಯಲಿಲ್ಲ. ನಾನು ಪೋಸ್ಟ್ ಆಫೀಸಿನ ಇಂದುಮತಿಯವರ ಬ್ಲೌಸಿನ ಲೈನಿಂಗ್ ಬಟ್ಟೆಯನ್ನು ಮೇಜಿನ ಮೇಲೆ ಹಾಸಿಕೊಂಡು ಕತ್ತರಿ ಹಿಡಿದೆ. ಕತ್ತರಿಸುವುದರಲ್ಲಿ ಮನಸ್ಸಿರಲಿಲ್ಲ. ಫ್ಯಾನಿನ ಗಾಳಿಗೆ ಅತ್ತೆಯ ತುರುಬು ಸಡಿಲವಾಗಿ ಕೂದಲು ಕಣ್ಣ ಮೇಲೆ ಬೀಳತೊಡಗಿತು. ಬಲಗೈ ಮೌಸಿನ ಮೇಲಿತ್ತು, ಗೆರೆ ನಡುವೆ ಬಿಡುವಂತಿರಲಿಲ್ಲ. ಎಡಗೈಯಿಂದ ಕೂದಲನ್ನು ಸುರುಳಿ ಸುತ್ತಿದರು, ಮೇಜಿನ ಮೇಲೆ ತಡಕಾಡಿದರು, ಕೈಗೆ ಸಿಕ್ಕಿದ್ದನ್ನು ತುರುಬಿಗೆ ಸಿಕ್ಕಿಸಿ ಮತ್ತೆ ಬಳ್ಳಿಯ ಕಡೆ ಬಾಗಿದರು.

ಸಿಕ್ಕಿಸಿದ್ದು ನನ್ನ ಪೆನ್ಸಿಲ್.

ನಾನು ಕತ್ತರಿ ಕೆಳಗಿಟ್ಟೆ. ಬಳ್ಳಿ ಮುಗಿಯಿತು. ಅತ್ತೆ ಕನ್ನಡಕ ತೆಗೆದು, ತಲೆ ಕೆರೆದುಕೊಳ್ಳಲು ಕೈ ಎತ್ತಿದಾಗ ಅದು ಬೆರಳಿಗೆ ತಾಗಿತು. ಹೊರಗೆ ಎಳೆದು ನೋಡಿದರು. ಆಮೇಲೆ ನನ್ನ ಮುಂದಿದ್ದ ಲೈನಿಂಗ್ ಬಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು, ನಾಲಿಗೆ ತುದಿ ಕಚ್ಚಿಕೊಂಡು, ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ಒತ್ತಿ ಬರೆದರು.

ಗಿಳಿ. ಆದರೆ ಅದು ಅತ್ತೆಯ ಗಿಳಿಯಾಗಿರಲಿಲ್ಲ. ಹೊಟ್ಟೆ ದಪ್ಪ, ಕಣ್ಣು ಎಲ್ಲೋ ಮೇಲೆ, ಕಾಲು ಎರಡು ಕಡ್ಡಿ. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದ ಆ ಹುಡುಗಿ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಕೈ ಮತ್ತೆ ಶುರು ಮಾಡಿತ್ತು. ಅಷ್ಟು ವರ್ಷಗಳ ಸೂಜಿಯ ಕೆಲಸ ಪೆನ್ಸಿಲ್ಲಿಗೆ ಗೊತ್ತೇ ಇರಲಿಲ್ಲ.

“ಥೂ, ಇದೇನು ಗಿಳೀನೋ ಕೋಳೀನೋ!” ಎಂದರು ಅತ್ತೆ, ನಗತೊಡಗಿದರು. ನಕ್ಕು ನಕ್ಕು ಕಣ್ಣೀರು ಸುರಿಯಿತು. ಅದು ಯಾವಾಗ ನಗುವಾಗಿದ್ದು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ, ನಾನು ಅವರನ್ನು ತಬ್ಬಿಕೊಂಡೇ ಇದ್ದೆ. “ಅಪ್ಪ ಇದ್ದಿದ್ರೆ ಒಂದು ಗೋಡೆ ಬಿಟ್ಟುಕೊಡ್ತಿದ್ರು ಕಣೇ,” ಅಂದರು.

ಆ ಲೈನಿಂಗ್ ಬಟ್ಟೆಯನ್ನು ನಾನು ಬದಲಾಯಿಸಲಿಲ್ಲ. ಗಿಳಿ ಬೆನ್ನಿನ ಭಾಗಕ್ಕೆ ಬರುವಂತೆ ಕತ್ತರಿಸಿ, ಅದು ಯಾರಿಗೂ ಕಾಣದಂತೆ ಮೇಲೆ ರೇಷ್ಮೆ ಹಾಕಿ ಹೊಲಿದೆ. ಅತ್ತೆ ಪರೀಕ್ಷಿಸಿ ನೋಡಿ, ಹೊಲಿಗೆಗೆ ಹೆಸರಿಡದೆ ಮಡಿಸಿ ಇಟ್ಟರು. ಇಂದುಮತಿಯವರು ಈಗಲೂ ಹಬ್ಬ ಹುಣ್ಣಿಮೆಗೆ ಅದನ್ನೇ ಹಾಕಿಕೊಂಡು ನಮ್ಮ ಬೀದಿಯಲ್ಲಿ ಹೋಗುತ್ತಾರೆ. ಬೆಳಗಾದರೆ ಯಾರಿಗಾದರೂ ಏನಾದರೊಂದು ಸುದ್ದಿ ಹೇಳದೆ ಬದುಕಲಾಗದ ನಾನು ಇದೊಂದನ್ನು ಮಾತ್ರ ಅವರಿಗೆ ಇನ್ನೂ ಹೇಳಿಲ್ಲ.